ಮನೋವೈದ್ಯರ ಮುಂದೆ ನಟಿಸಬೇಡ

ಪ್ರೀತಿಯ ಗೆಳೆಯಾ,

ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಮುನ್ನ ಮನೋವೈದ್ಯರು ಕೇಳುವ ಪ್ರಶ್ನೆಗಳಿಗೆ ‘ಸರಿಯಾದ’ ಉತ್ತರಗಳನ್ನು ಬಾಯಿಪಾಠ ಮಾಡುತ್ತಿದ್ದೇನೆ ಎಂದು ನೀನು ಬರೆದಿದ್ದೆ. ಹಳೆಯ ಖಿನ್ನತೆಯ ವಿಷಯ ಎತ್ತಿದರೆ ಎಲ್ಲಿ ಬೇಡವೆಂದುಬಿಡುತ್ತಾರೋ ಎಂಬ ಅಂಜಿಕೆ ನಿನಗೆ. ಈ ಅಂಜಿಕೆಯಿಂದ ನಗುಮುಖ ಹೊತ್ತು ಹೋಗುವವರು ಹಲವರಿದ್ದಾರೆ. ಆದರೆ ನೀನು ಮುಚ್ಚಿಡಲು ಹೊರಟಿರುವುದು ಅಪರೂಪದ ಗುಟ್ಟೇನಲ್ಲ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2016ರಲ್ಲಿ ಲೆಕ್ಕ ಹಾಕಿದಾಗ, ಈ ಶಸ್ತ್ರಚಿಕಿತ್ಸೆಗೆ ಬರುವವರಲ್ಲಿ ಸುಮಾರು ಶೇ. 19ರಷ್ಟು ಮಂದಿಗೆ ಖಿನ್ನತೆ, ಶೇ. 17ರಷ್ಟು ಮಂದಿಗೆ ಹತೋಟಿ ತಪ್ಪಿ ತಿನ್ನುವ ಕಾಯಿಲೆ ಇತ್ತು. ಖಿನ್ನತೆ ಇದೆ ಎಂದ ಮಾತ್ರಕ್ಕೆ ಬಾಗಿಲು ಮುಚ್ಚುವುದಿಲ್ಲ. ಮೊದಲು ಅದಕ್ಕೆ ಚಿಕಿತ್ಸೆ ಪಡೆ ಎನ್ನಬಹುದು, ಅಷ್ಟೇ.

ಶಸ್ತ್ರಚಿಕಿತ್ಸೆಯೇ ಬೇಡ ಎನ್ನುತ್ತಿಲ್ಲ. ಅಮೆರಿಕದ ಯೂಟಾದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗ್ಯಾಸ್ಟ್ರಿಕ್ ಬೈಪಾಸ್ (ಹೊಟ್ಟೆಯನ್ನು ಕಿರಿದಾಗಿಸಿ ಆಹಾರ ಸಾಗುವ ದಾರಿ ಬದಲಿಸುವ ಶಸ್ತ್ರಚಿಕಿತ್ಸೆ) ಮಾಡಿಸಿಕೊಂಡವರಲ್ಲಿ, ಮಾಡಿಸಿಕೊಳ್ಳದ ಅಂಥದೇ ದಪ್ಪ ಮೈಯವರಿಗಿಂತ ಒಟ್ಟು ಸಾವು ಶೇ. 40ರಷ್ಟು ಕಡಿಮೆಯಿತ್ತು. ಅಪಘಾತ, ಆತ್ಮಹತ್ಯೆಯಂಥ ಕಾರಣಗಳ ಸಾವು ಮಾತ್ರ ಹೆಚ್ಚಿತ್ತು. ಕೆನಡಾದ ಒಂಟಾರಿಯೊದಲ್ಲಿ 8,815 ಮಂದಿಯ ದಾಖಲೆಗಳನ್ನು ನೋಡಿದರು: ತಮಗೆ ತಾವೇ ಹಾನಿ ಮಾಡಿಕೊಂಡು ತುರ್ತು ಚಿಕಿತ್ಸೆಗೆ ಬಂದ ಪ್ರಕರಣಗಳು ಶಸ್ತ್ರಚಿಕಿತ್ಸೆಯ ನಂತರ ಸುಮಾರು ಒಂದೂವರೆ ಪಟ್ಟಾಗಿದ್ದವು. ಅಂಥವರ ಸಂಖ್ಯೆ ತೀರ ಚಿಕ್ಕದು, ನಿಜ. ಆದರೆ ಆ ಪ್ರಕರಣಗಳಲ್ಲಿ ಶೇ. 93ರಷ್ಟು, ಮಾನಸಿಕ ಕಾಯಿಲೆ ಮೊದಲೇ ಪತ್ತೆಯಾಗಿದ್ದವರದು. ನೀನು ಬಚ್ಚಿಡಬೇಕೆಂದಿರುವ ಸಂಗತಿಯೇ ವೈದ್ಯರಿಗೆ ಎಲ್ಲಕ್ಕಿಂತ ಮುಖ್ಯ.

ಹೊಟ್ಟೆಯ ದಾರಿ ಬದಲಾದ ಮೇಲೆ ಖಿನ್ನತೆಯ ಮಾತ್ರೆ ಮೊದಲಿನಂತೆ ಮೈಗೆ ಹತ್ತದಿರಬಹುದು. ಮದ್ಯವಾದರೋ ಬೇಗನೆ ರಕ್ತಕ್ಕೆ ಸೇರುತ್ತದೆ. ದುಃಖವಾದಾಗ ತಿಂದು ಸಮಾಧಾನಪಟ್ಟುಕೊಳ್ಳುವ ದಾರಿಯೂ ಇರುವುದಿಲ್ಲ. ಮೊದಲ ವರ್ಷ ಕಂಡವರೆಲ್ಲ ಹೊಗಳುತ್ತಾರೆ (ಈ ಹೊಗಳಿಕೆಯ ಬಗ್ಗೆ ನನಗೆ ತುಸು ಸಿಟ್ಟೂ ಇದೆ, ನೀನು ಈಗಲೇ ಚೆನ್ನಾಗಿಲ್ಲವೇ?). ಒಂಟಾರಿಯೊದ ಪ್ರಕರಣಗಳಲ್ಲಿ ಹೆಚ್ಚಿನವು ಎರಡನೆಯ, ಮೂರನೆಯ ವರ್ಷದವು. ತೂಕ ಇಳಿಯುವುದು ನಿಂತು, ಆಸ್ಪತ್ರೆಯ ಭೇಟಿಗಳು ವಿರಳವಾಗಿ, ಯಾರೂ ಏನೂ ಕೇಳದ ಕಾಲ ಅದು. ಕನಿಷ್ಠ ಮೂರು ವರ್ಷದವರೆಗೆ ಮನೋವೈದ್ಯರನ್ನು ಕಾಣುವ ಏರ್ಪಾಡು ಇದೆಯೇ ಎಂದು ಈಗಲೇ ಕೇಳಿಕೋ. ಮಾತ್ರೆಗಳ ಪಟ್ಟಿಯನ್ನು ಶಸ್ತ್ರವೈದ್ಯರಿಗೂ ತೋರಿಸು.

ಇನ್ನು ನೇರವಾಗಿಯೇ ಕೇಳುತ್ತೇನೆ. ಸಾಯಬೇಕೆಂಬ ಯೋಚನೆ ಈಗಲೂ ಬರುತ್ತದೆಯೇ? ಹೀಗೆ ಕೇಳಿದರೆ ಆ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎನ್ನುವುದು ಸುಳ್ಳು. ಹೌದೆಂದಾದರೆ ಪತ್ರ ಬರೆಯುತ್ತ ಕೂರಬೇಡ, ಈಗಲೇ ಫೋನ್ ಮಾಡು. ಇಂದೇ ವೈದ್ಯರ ಬಳಿ ಹೋಗೋಣ. ಇಲ್ಲವೆಂದಾದರೂ ಮಾಡು, ಸಂದರ್ಶನದ ದಿನ ಜೊತೆಗೆ ಬರಬೇಕೋ ಬೇಡವೋ ಹೇಳು.

ನಿನ್ನ ಗೆಳೆಯ