ಬಸ್ಸಿನಲ್ಲಿ ಸಿಕ್ಕ ಆ ಹಿರಿಯರಿಗೆ

ತೀರ್ಥಹಳ್ಳಿಯಿಂದ ಮಂಗಳೂರಿಗೆ ಹೊರಟ ಬಸ್ಸಿನಲ್ಲಿ ಅಮ್ಮನಿಗೆ ಮುಂದಿನ ಸೀಟು ಬಿಟ್ಟುಕೊಟ್ಟ ಹಿರಿಯರೇ, ನಿಮಗೆ ತುಂಬಾ ಧನ್ಯವಾದ. ಆಗುಂಬೆ ಘಾಟಿಯ 14 ತಿರುವುಗಳಲ್ಲೂ ನೀವು ನಿಂತೇ ಇದ್ದಿರಿ.

‘ತಣ್ಣೀರುಬಾವಿ ಬೀಚಿಗೆ ಹೋಗೋಕೆ ಸುಮ್ನೆ ಕೂಳೂರು ಸೇತುವೆ ಸುತ್ತಬೇಡಿ, ಸುಲ್ತಾನ್ ಬತ್ತೇರಿಯಿಂದ ದೋಣಿ ಹತ್ತಿ’ ಅಂದಿರಿ. ಎಷ್ಟು ಒಳ್ಳೆ ಸಲಹೆ! ಟಿಪ್ಪು 1784ರಲ್ಲಿ ಕಟ್ಟಿಸಿದ ಕರಿಕಲ್ಲಿನ ಕಾವಲು ಗೋಪುರ ನೋಡಿ, ಫಲ್ಗುಣಿ ಹೊಳೆ ದಾಟಿದರೆ ತಣ್ಣೀರುಬಾವಿ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು. ದೂರದಲ್ಲಿ ಬಂದರಿಗೆ ಕಾದು ನಿಂತ ಹಡಗುಗಳು. ತುಂಗೆಯ ದಡದಲ್ಲೇ ಬೆಳೆದ ಅಮ್ಮ ಕಡಲು ನೋಡಿದ್ದು ಅದೇ ಮೊದಲು. ಸಂಜೆಯಾದರೂ ಏಳಲು ಒಪ್ಪಲಿಲ್ಲ.

ಹೆಸರು ಕೇಳುವಷ್ಟರಲ್ಲಿ ನೀವು ಹೆಬ್ರಿಯಲ್ಲಿ ಇಳಿದುಬಿಟ್ಟಿರಿ. ಮನೆಗೆ ಯಾರೇ ಬಂದರೂ ಅಮ್ಮ ಈಗ ಹಡಗಿಗಿಂತ ನಿಮ್ಮ ಬಗ್ಗೆಯೇ ಜಾಸ್ತಿ ಹೇಳುತ್ತಾರೆ.