ಸೊನ್ನೆ ರೂಪಾಯಿ ತೆರಿಗೆ ಕಟ್ಟಿದ ಶ್ರೀಮಂತನಿಂದ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಬಸ್ ನಿಲ್ದಾಣದ ಹಿಂದೆ ಹೊಲಿಗೆ ಅಂಗಡಿ ಇಟ್ಟವನು ನಾನು. ಚುನಾವಣೆ ಹೊತ್ತಿಗೆ ನಿಮ್ಮವರ ಶಾಲುಗಳಿಗೆ ರಾತ್ರಿಯೆಲ್ಲ ಅಂಚು ಹೊಲಿದು ಕೊಟ್ಟಿದ್ದೆ, ನಿಮಗೆ ನೆನಪಿರಲಿಕ್ಕಿಲ್ಲ. ಹದಿನಾಲ್ಕು ತಿಂಗಳಿಂದ ನಮ್ಮ ಬಿಪಿಎಲ್ ಕಾರ್ಡು ಎಪಿಎಲ್ ಆಗಿ ಕೂತಿದೆ. ಮೂರು ಅರ್ಜಿ ಕೊಟ್ಟಾಯಿತು. ನಿಮ್ಮ ಜನಸ್ಪಂದನ ಸಭೆಯಲ್ಲಿ ಟೋಕನ್ನೂ ತಗೊಂಡೆ, ಕರೆಯುವಷ್ಟರಲ್ಲಿ ನೀವು ಎದ್ದು ಹೋಗಿದ್ದಿರಿ. ಹಾಗಾಗಿ ಇದನ್ನು ಊರೆಲ್ಲ ಓದಲಿ.

ನನ್ನ ಅಪರಾಧ ಇಷ್ಟೇ. ಓವರ್‌ಲಾಕ್ ಮಷೀನಿಗೆ ಸಾಲ ಕೇಳಲು ಹೋದಾಗ ಐಟಿ ರಿಟರ್ನ್ ಬೇಕೆಂದರು. ಏಜೆಂಟನೊಬ್ಬ ಐನೂರು ರೂಪಾಯಿ ಇಸಿದುಕೊಂಡು, ಸಾಲ ಸಿಗಬೇಕಾದರೆ ಇಷ್ಟಾದರೂ ಇರಬೇಕು ಎಂದು ವರ್ಷದ ಆದಾಯ 2.40 ಲಕ್ಷ ಎಂದು ಬರೆದ. ನಾನು ತಲೆಯಾಡಿಸಿದೆ, ಅದು ನನ್ನದೇ ತಪ್ಪು. ಕಟ್ಟಿದ ತೆರಿಗೆ ಸೊನ್ನೆ. ಸಾಲವೂ ಸಿಗಲಿಲ್ಲ ಅನ್ನಿ. ಕಂಪ್ಯೂಟರಿನಲ್ಲಿ ಮಾತ್ರ ತೆರಿಗೆದಾರನಾಗಿಬಿಟ್ಟೆ. ಅಕ್ಕಿ ನಿಂತಿತು, ಮನೆಯಾಕೆಯ ಗೃಹಲಕ್ಷ್ಮಿಯ 2,000 ರೂಪಾಯಿಯೂ ನಿಂತಿತು.

ತಾಲೂಕು ಕಚೇರಿಯಲ್ಲಿ ವಿಚಾರಿಸಿದರೆ, ‘ನೀನು ತೆರಿಗೆ ಕಟ್ಟುವವನಲ್ಲ ಅಂತ ತೆರಿಗೆ ಇಲಾಖೆಯಿಂದಲೇ ಬರೆಸಿಕೊಂಡು ಬಾ’ ಎಂದರು. ಅಂಗಡಿ ಮುಚ್ಚಿ ನಗರಕ್ಕೆ ಹೋದೆ. ಅಲ್ಲಿಯವರು ನಕ್ಕರು. ‘ಕಟ್ಟದವರಿಗೆಲ್ಲ ಸರ್ಟಿಫಿಕೇಟ್ ಕೊಡ್ತಾ ಕೂತರೆ ಇಡೀ ಜಿಲ್ಲೆನೇ ಇಲ್ಲಿ ಸಾಲು ನಿಲ್ಲುತ್ತಪ್ಪ!’ ನನಗೂ ನಗು ಬಂತು. ನಗು ನಿಂತದ್ದು ಶ್ರಾವಣದಲ್ಲಿ, ಅವ್ವ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಾಗ. ಬಿಪಿಎಲ್ ಆಗಿದ್ದರೆ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ 30 ಮಾತ್ರ. ಉಳಿದದ್ದಕ್ಕೆ ಹೆಂಡತಿಯ ಬೋರಮಾಳ ಅಡ ಇಟ್ಟೆ. ಅದು ಇನ್ನೂ ಬಿಡಿಸಿಲ್ಲ. ಅವ್ವ ಈಗ ಕೋಲು ಹಿಡಿದು ಪಡಸಾಲೆಯವರೆಗೆ ಬರುತ್ತಾಳೆ, ‘ನಾವು ಯಾವಾಗ ಸಾವುಕಾರರಾದ್ವೋ?’ ಅಂತ ಕೇಳುತ್ತಾಳೆ.

ಇನ್ನೊಂದು ತಮಾಷೆ ಕೇಳಿ. ಮಗಳ ಹಾಸ್ಟೆಲ್ಲಿಗೆಂದು ಮಾಡಿಸಿದ ಆದಾಯ ಪ್ರಮಾಣಪತ್ರದಲ್ಲಿ ನಮ್ಮ ವರ್ಷದ ಆದಾಯ 48,000. ಅಂದರೆ ಒಂದೇ ಕಟ್ಟಡದ ಕೆಳಮಹಡಿಯಲ್ಲಿ ನಾನು ಬಡವ, ಮೆಟ್ಟಿಲು ಹತ್ತಿದರೆ ಶ್ರೀಮಂತ. ಎರಡೂ ಸುಳ್ಳು. ನಿಜ ಎಷ್ಟು ಅಂತ ಮನೆಗೆ ಬಂದು ನೋಡಿದವರು ಯಾರು? 2025ರ ಜಾತಿ ಸಮೀಕ್ಷೆಗೆ ಮೇಷ್ಟ್ರು ಬಂದು ಕಟ್ಟೆಯ ಮೇಲೆ ಕೂತು 60 ಪ್ರಶ್ನೆ ಕೇಳಿದರು ನಿಜ, ನೀರು ಕುಡಿದು ಹೋದರು. ಅದರಿಂದ ಕಾರ್ಡಿನ ಬಣ್ಣವೇನೂ ಬದಲಾಗಲಿಲ್ಲ.

ಬಿಪಿಎಲ್ ಮಿತಿ ವರ್ಷಕ್ಕೆ 1.20 ಲಕ್ಷ, ಅಂದರೆ ಇಡೀ ಮನೆಗೆ ತಿಂಗಳಿಗೆ 10,000. ಕೇಂದ್ರದ್ದೇ 2022-23ರ ಬಳಕೆ ವೆಚ್ಚ ಸಮೀಕ್ಷೆಯಲ್ಲಿ ದೇಶದ ಹಳ್ಳಿಯವನೊಬ್ಬನ ಸರಾಸರಿ ತಿಂಗಳ ಖರ್ಚು 3,773 ರೂಪಾಯಿ. ನಾವು ಐದು ಜನ. ಗುಣಿಸಿದರೆ 18,865. ಲೆಕ್ಕ ನಿಮಗೆ ಬರುತ್ತದೆ, ಬಜೆಟ್ ಚರ್ಚೆಯಲ್ಲಿ ಮಾತಾಡಿದ್ದನ್ನು ಕೇಳಿದ್ದೇನೆ.

ಕಾರ್ಡು ವಾಪಸ್ ಕೊಡಿಸಿ. 2024ರ ನವೆಂಬರಿನಲ್ಲಿ ಬಿಪಿಎಲ್ ಕಾರ್ಡು ರದ್ದು ಮಾಡಿದ್ದಕ್ಕೆ ಗಲಾಟೆಯಾದಾಗ ನಿಮ್ಮ ಸರ್ಕಾರವೇ ಹೇಳಿತ್ತು, ಸರ್ಕಾರಿ ನೌಕರರು, ತೆರಿಗೆ ಕಟ್ಟುವವರನ್ನು ಬಿಟ್ಟು ಬೇರೆಯವರ ಕಾರ್ಡು ಮುಟ್ಟುವುದಿಲ್ಲ ಅಂತ. ನಾನು ನೌಕರನಲ್ಲ. ತೆರಿಗೆ ಕಟ್ಟಿಲ್ಲ. ರಿಟರ್ನ್ ಸಲ್ಲಿಸಿದವನು ಬೇರೆ, ತೆರಿಗೆ ಕಟ್ಟಿದವನು ಬೇರೆ. ಇಷ್ಟು ವ್ಯತ್ಯಾಸ ಆ ಕಂಪ್ಯೂಟರಿಗೆ ಹೇಳಿಕೊಡಿಸಿ. ಯಾರದೇ ಕಾರ್ಡು ಕೀಳುವ ಮೊದಲು ಮನೆಗೆ ಒಬ್ಬರನ್ನು ಕಳಿಸಿ, ನೋಟಿಸ್ ಕೊಡಿ. ಅದೆಲ್ಲ ತಡವಾಗುವುದಾದರೆ ಆಗಲಿ, ಮೊದಲು ನಮ್ಮ ಕಾರ್ಡು ವಾಪಸ್ ಕೊಡಿಸಿ.

ಸೋಮವಾರ ಮತ್ತೆ ತಾಲೂಕು ಕಚೇರಿಗೆ ಹೋಗುತ್ತೇನೆ. ಸಂತೆಯ ದಿನ, ಗಿರಾಕಿ ಹೆಚ್ಚು, ಆದರೂ ಹೋಗುತ್ತೇನೆ.

ಇತಿ,
ನಿಮ್ಮ ಕ್ಷೇತ್ರದ ದರ್ಜಿ
(ಟೋಕನ್ ಸಂಖ್ಯೆ 118)