ಶನಿವಾರ ಮಕ್ಕಳ ಗ್ರಾಮಸಭೆ, ಎಲ್ರೂ ಬನ್ನಿ

ಎಲ್ರಿಗೂ ನಮಸ್ಕಾರ. ಶನಿವಾರ ಬೆಳಿಗ್ಗೆ 10:30ಕ್ಕೆ ಪಂಚಾಯ್ತಿ ಆಫೀಸಲ್ಲಿ ಮಕ್ಕಳ ಗ್ರಾಮಸಭೆ ಐತೆ, ದಯವಿಟ್ಟು ತಪ್ಪಿಸ್ಬೇಡಿ. ಈ ಸಲ ನಮ್ ಏಳು ಎಂಟನೇ ಕ್ಲಾಸ್ ಮಕ್ಕಳು ಸುಮ್ನೆ ಬೇಡಿಕೆ ಓದೋಕೆ ಬರ್ತಿಲ್ಲ, ಮೂರು ವಾರ ತಾವೇ ನಿಂತು ನೋಡಿ ಬರ್ಕೊಂಡಿರೋ ಲೆಕ್ಕ ತರ್ತಾವ್ರೆ. ನಾನು ಆ ನೋಟ್‌ಬುಕ್ ನೋಡ್ದೆ, ಹುಡುಗೀರ ಟಾಯ್ಲೆಟ್ ಎರಡರಲ್ಲಿ ಒಂದಕ್ಕೆ ಚಿಲಕ ಇಲ್ಲ, ಇಂಟರ್‌ವಲ್ಲಲ್ಲಿ ದಿನಾ ಎಷ್ಟು ಜನ ಕ್ಯೂನಲ್ಲೇ ನಿಂತು ಬೆಲ್ ಹೊಡೆದ ತಕ್ಷಣ ವಾಪಸ್ ಹೋದ್ರು ಅಂತ ಪೆನ್ಸಿಲಲ್ಲಿ ಗೆರೆ ಎಳೆದವ್ರೆ, ಪಕ್ಕದಲ್ಲಿ ಒಬ್ಳು "ಅದಕ್ಕೇ ನಾನು ನೀರು ಕುಡಿಯಲ್ಲ" ಅಂತ ಬರೆದವ್ಳೆ. ಓದಿ ಹೊಟ್ಟೆ ಉರೀತು.

ನಮ್ ಕೋಲಾರದ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇರೋದು ಹೊಸದೇನಲ್ಲ, ಲೀಟರ್‌ಗೆ 1.5 ಮಿಲಿಗ್ರಾಂ ದಾಟಿದ್ರೆ ಕುಡಿಯೋ ಹಾಗಿಲ್ಲ, ಮಕ್ಕಳ ಹಲ್ಲು ಕಲೆ ಬೀಳುತ್ತೆ. ಸ್ಕೂಲ್ ನೀರಿನ ಟೆಸ್ಟ್ ರಿಪೋರ್ಟ್ ಕೊಡಿ ಅಂತ ಮಕ್ಕಳು ಕೇಳ್ತಾರೆ, ಸಿಗ್ಲಿಲ್ಲ ಅಂದ್ರೆ ನಮ್ಮಲ್ಲೇ ಯಾರಾದ್ರೂ 10 ರೂಪಾಯಿ ಕಟ್ಟಿ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕೋಣ, 30 ದಿನದೊಳಗೆ ಉತ್ತರ ಕೊಡ್ಲೇಬೇಕು. ಕುಡಿಯೋ ನೀರು, ಹುಡುಗೀರಿಗೆ ಬೇರೆ ಟಾಯ್ಲೆಟ್ ಎಲ್ಲಾ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಐತೆ, ಯಾರೂ ದಾನ ಕೊಡ್ತಿಲ್ಲ.

ಎಸ್‌ಡಿಎಂಸಿಯವ್ರು (ಶಾಲಾಭಿವೃದ್ಧಿ ಸಮಿತಿಯವ್ರು) ಮುಂದೆ ಕೂತ್ಕೊಳ್ಳಿ. ಮಕ್ಕಳು ಮಾತಾಡುವಾಗ ಮಧ್ಯ ಬಾಯಿ ಹಾಕ್ಬೇಡಿ, ತಡವರಿಸಿದ್ರೂ ಅವ್ರೇ ಹೇಳ್ಲಿ. ಪಿಡಿಓ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಕೊಡೋ ಉತ್ತರನ ನಡಾವಳಿ ಪುಸ್ತಕದಲ್ಲಿ ಬರೆಸಿ, ಸೈನ್ ಆದ್ಮೇಲೆ ಫೋಟೋ ತೆಗ್ದು ಇಲ್ಲಿ ಹಾಕಿ. ಕೂಲಿಗೆ ಹೋಗೋರು ಮನೆಯಿಂದ ಒಬ್ರನ್ನಾದ್ರೂ ಕಳಿಸಿ.